ಕೀಲಿಕಿಂಡಿಯ ಮಣ್ಣು

ನಮ್ಮೂರಿಗೆ ನೀವು ಬಂದರೆ, ಕೈಯಲ್ಲಿ ಕೀಲಿಕೈ ಹಿಡಿದುಕೊಂಡು ತನ್ನದೇ ಮನೆಯ ಮುಂದೆ ಪೆಚ್ಚಾಗಿ ನಿಂತ ಯಾರಾದರೊಬ್ಬರು ಕಣ್ಣಿಗೆ ಬಿದ್ದೇ ಬೀಳುತ್ತಾರೆ. ನಗಬೇಡಿ. ಅವರು ಹೊಲಕ್ಕೆ ಹೋಗಿ ಬರುವಷ್ಟರಲ್ಲಿ ಮಣ್ಣುದುಂಬಿ ಬಂದು ಕೀಲಿಯ ಕಿಂಡಿಯೊಳಗೆ ಮೊಟ್ಟೆ ಇಟ್ಟು, ಹಸಿ ಮಣ್ಣು ಮೆತ್ತಿ, ಬಾಯಿ ಮುಚ್ಚಿ ಹೋಗಿರುತ್ತದೆ. ದುಂಬಿ ಮುಚ್ಚಿದ್ದನ್ನು ದುಂಬಿಯೇ ತೆರೆಯಬೇಕು. ಮರಿ ಒಳಗಿನಿಂದ ಮಣ್ಣು ಕೊರೆದು ಹಾರಿಹೋಗುವ ತನಕ ಆ ಕೀಲಿಗೆ ಕೈ ಹಚ್ಚುವ ಗಂಡಸಾಗಲಿ ಹೆಂಗಸಾಗಲಿ ನಮ್ಮೂರಲ್ಲಿ ಇನ್ನೂ ಹುಟ್ಟಿಲ್ಲ.

ಒಂದು ವರ್ಷ ಶಾಲೆಯ ಕೀಲಿಯನ್ನೇ ಮುಚ್ಚಿಬಿಟ್ಟಿತು. ಮಕ್ಕಳು ಬೇವಿನ ಮರದ ಕೆಳಗೆ ಕೂತು ಮಗ್ಗಿ ಹೇಳಿದರು, ಹಕ್ಕಿ ಹಿಕ್ಕೆ ಹಾಕಿದ್ದನ್ನು ಒರೆಸಿಕೊಂಡು ಮತ್ತೆ ಹೇಳಿದರು. ಇನ್ನೊಂದು ವರ್ಷ ಮದುಮಗನ ಟ್ರಂಕಿನ ಕೀಲಿ. ಪಾಪ, ಮಾವನ ಹಳೆಯ ಧೋತರ ಉಟ್ಟು ಹಸೆಮಣೆ ಏರಿದ. ಸೊಸೈಟಿಯ ಗೋದಾಮು ಮುಚ್ಚಿದಾಗ ಊರಿಗೆ ಊರೇ ಬೆಲ್ಲದ ಚಹಾ ಕುಡಿಯಿತು. ಗೊಣಗುವುದಿಲ್ಲ ಅಂತಲ್ಲ, ಗೊಣಗುತ್ತಾರೆ. ಆದರೆ ಬದನೆ ಹೂವಿಗೆ ಜೋತುಬಿದ್ದು, ಗುಂಯ್ ಎಂದು ಮೈ ನಡುಗಿಸಿ, ಹಳದಿ ಪುಡಿ ಉದುರಿಸಿಕೊಂಡು ಹೋಗುವ ಆ ನೀಲಿ ಪಟ್ಟೆಯ ಪ್ರಾಣಿಯನ್ನು ಒಮ್ಮೆ ನೋಡಿದವರು ಅದರ ಮೇಲೆ ಎಷ್ಟು ಹೊತ್ತು ಸಿಟ್ಟು ಇಟ್ಟುಕೊಂಡಾರು? ಅದು ಬಾರದ ಹೊಲದಲ್ಲಿ ಹೂವು ಅರಳಿ, ಬಾಡಿ, ತೊಟ್ಟು ಸಮೇತ ಉದುರುತ್ತದೆ, ಅಷ್ಟೆ.

ಹೀಗೆ ಬಾಗಿಲು ಮುಚ್ಚಿಹೋದವರು ಎಲ್ಲಿಗೆ ಹೋಗಬೇಕು? ಅದಕ್ಕೂ ಪದ್ಧತಿ ಇದೆ. ಯಾರ ಬಾಗಿಲು ನಿಮ್ಮ ಬಾಗಿಲಿಗೆ ಎದುರಾಗಿದೆಯೋ ಅವರ ಮನೆಗೆ. ಅವರು ಒಲ್ಲೆ ಅನ್ನುವಂತಿಲ್ಲ, ನೀವು ಬೇರೆ ಮನೆ ನೋಡುವಂತಿಲ್ಲ. ಜಾತಿ, ಜಗಳ, ಹಳೆಯ ಕೋರ್ಟು ಕಚೇರಿ ಎಲ್ಲ ಆ ಹೊತ್ತಿಗೆ ಗೂಟಕ್ಕೆ ನೇತುಹಾಕಬೇಕು. ಹೀಗಾಗಿ ಊರಲ್ಲಿ ಪ್ರತಿಯೊಬ್ಬರೂ ಒಂದಲ್ಲ ಒಂದು ಸುಗ್ಗಿಯನ್ನು ಇನ್ನೊಬ್ಬರ ಮನೆಯಲ್ಲಿ ಉಂಡು ಕಳೆದವರು. "ನೀ ನಮ್ಮನ್ಯಾಗ ಇದ್ದಾಗ ನೋಡು" ಎಂದೇ ಇಲ್ಲಿ ಮಾತು ಶುರುವಾಗುತ್ತದೆ.

ನನ್ನ ಜತೆ ಹಾಗೆ ಮಾತು ಶುರು ಮಾಡುವವರು ಯಾರೂ ಇರಲಿಲ್ಲ. ನಾನು ಅಡಿವೆಪ್ಪ, ಈ ಊರಿನವನಲ್ಲ. ಬಾವಿ ತೋಡುವ ಗುಂಪಿನ ಜತೆ ಬಂದವನು. ಬಾವಿ ಮುಗಿಯಿತು, ಗುಂಪು ಹೊರಟಿತು, ಜ್ವರ ಬಂದು ಮಲಗಿದ್ದ ನಾನು ಇಲ್ಲೇ ಉಳಿದೆ. ತಿರುಗಿ ಹೋಗೋಣವೆಂದರೆ ಅಲ್ಲಿ ನನಗಾಗಿ ಕಾಯುವವರು ಯಾರಿದ್ದರು? ಊರವರು ಒಳ್ಳೆಯವರು. ಅಂಚಿನ ಒಂದು ತುಂಡು ಹೊಲ ಪಾಲಿಗೆ ಕೊಟ್ಟರು, ಖಾಲಿ ಬಿದ್ದ ಮನೆಯೊಂದನ್ನು ತೋರಿಸಿದರು. ಬದನೆ ಹಾಕಿದೆ, ಬದನೆ ಮಾರಿದೆ, ಕೂದಲು ನರೆತವು. ಆದರೂ ಇವತ್ತಿಗೂ ನಾನು ಅವರ ಬಾಯಲ್ಲಿ "ಬಾವಿ ಅಡಿವೆಪ್ಪ".

ಅಷ್ಟು ವರ್ಷಗಳಲ್ಲಿ ನನ್ನ ಕೀಲಿಯನ್ನು ಒಂದು ದುಂಬಿಯೂ ಮುಚ್ಚಲಿಲ್ಲ. ಇದಕ್ಕಾಗಿ ನಾನು ಮಾಡದ ಸರ್ಕಸ್ಸಿಲ್ಲ. ದೊಡ್ಡ ಕಿಂಡಿಯ ಕೀಲಿ ಬೇಕೆಂದು ಸಂತೆಯೆಲ್ಲ ಹುಡುಕಿದೆ. ಹೊಲದ ಬದುವನ್ನು ನೇಗಿಲಿಗೆ ಕೊಡದೆ ಹಾಗೇ ಬಿಟ್ಟೆ. ಅಲ್ಲಿ ಹುಲ್ಲು, ತುಂಬೆ, ಗುರೆಳ್ಳು, ಹೆಸರಿಲ್ಲದ ಹತ್ತಾರು ಗಿಡ ಎದ್ದು ಹೂ ಬಿಟ್ಟವು. ಔಷಧಿ ಹೊಡೆಯುವ ಪಂಪನ್ನು ಕೈಯಿಂದ ಮುಟ್ಟಲಿಲ್ಲ. ಬಾವಿಯ ಕಾಲುವೆ ಪಕ್ಕ ಸದಾ ಒಂದಿಷ್ಟು ಕರಿಮಣ್ಣು ಹಸಿಯಾಗಿರುವಂತೆ ನೋಡಿಕೊಂಡೆ, ದುಂಬಿಗೆ ದೂರ ಹಾರುವ ಕಷ್ಟ ಬೇಡ ಅಂತ. ಜೋಳದ ದಂಟುಗಳನ್ನು ಕಟ್ಟುಕಟ್ಟಿ ಬೇಲಿಗೆ ಸಿಕ್ಕಿಸಿದೆ. ದುಂಬಿ ಬಂದವು, ಬಾರದೆ ಏನು! ಬದುವಿನ ತುಂಬ ಜರಡಿಯ ಹಾಗೆ ತೂತು. ದಂಟಿನ ತುಂಬ ಅವೇ. ನನ್ನ ಬದನೆಗೆ ಇಡೀ ಊರಲ್ಲಿ ಹೆಸರಾಯಿತು. ನನ್ನ ಮನೆಯ ಕೀಲಿಯ ಹತ್ತಿರ ಮಾತ್ರ ಬಂದು, ಒಂದು ಸುತ್ತು ಮೂಸಿ, ಹೊರಟುಹೋಗುತ್ತಿದ್ದವು.

"ಅಡಿವೆಪ್ಪಾ, ನಿನ್ನ ಮನ್ಯಾಗ ಮಂದಿ ಅದಾರೋ ಇಲ್ಲೋ ಅಂತ ದುಂಬೀಗೂ ಅನುಮಾನ ನೋಡು," ಎಂದು ಓಣಿಯ ಹಿರಿಯ ಮಲಕಾಜಪ್ಪ ಚಾಷ್ಟಿ ಮಾಡುತ್ತಿದ್ದ. ಎಲ್ಲರ ಜತೆ ನಾನೂ ನಗುತ್ತಿದ್ದೆ. ಮನೆಗೆ ಬಂದು, ಒಬ್ಬನಿಗೆ ಆಗುವಷ್ಟು ಹಿಟ್ಟು ನಾದಿ, ತಟ್ಟಿ, ಬೇಯಿಸಿ, ಒಲೆಯ ಮುಂದೆಯೇ ಕೂತು ತಿನ್ನುವಾಗ ಆ ಮಾತು ಮತ್ತೆ ನೆನಪಾಗುತ್ತಿತ್ತು. ಯಾರಾದರೂ "ಇನ್ನೊಂದು ರೊಟ್ಟಿ ಹಾಕ್ಲೇನು?" ಎಂದು ಕೇಳಲಿ ಅಂತ ನನಗೆ ಎಷ್ಟು ಆಸೆ ಇತ್ತೆಂದರೆ, ಒಮ್ಮೊಮ್ಮೆ ನಾನೇ ಜೋರಾಗಿ ಕೇಳಿಕೊಂಡು, ನಾನೇ "ಸಾಕವ್ವಾ" ಎಂದು ಕೈ ಅಡ್ಡ ಹಿಡಿಯುತ್ತಿದ್ದೆ. ಇದನ್ನು ಹೇಳಲು ನಾಚಿಕೆಯೇನಿಲ್ಲ. ಒಂಟಿಯಾಗಿ ಇದ್ದವರಿಗೆ ಗೊತ್ತು.

ನನ್ನ ಎದುರುಬಾಗಿಲು ಕಳಕಪ್ಪನದು. ಅವನು, ಅವನ ಹೆಂಡತಿ ಪಾರವ್ವ, ಇಬ್ಬರೇ. ಆ ಮನೆಯಿಂದಲೂ ಮಾತು ಕೇಳಿಸುತ್ತಿರಲಿಲ್ಲ. ಕಾರಣ ಓಣಿಗೆಲ್ಲ ಗೊತ್ತಿತ್ತು. ಅವರ ಹೊಲ ನನ್ನ ಹೊಲಕ್ಕೆ ಹತ್ತಿಕೊಂಡೇ ಇದೆ. ಅಲ್ಲಿ ಪಾರವ್ವನ ಅತ್ತೆಯ ಕಾಲದಿಂದ ಯಾರೂ ಮುಟ್ಟದ ಒಂದು ಅಗಲವಾದ ಬದು ಇತ್ತು, ಅದರ ತುಂಬ ದುಂಬಿಯ ಮನೆ. ಒಂದು ಬೇಸಿಗೆ ಕಳಕಪ್ಪ ಇನ್ನು ನಾಲ್ಕು ಸಾಲು ಹತ್ತಿ ಬರುತ್ತದೆಂದು ಟ್ರ್ಯಾಕ್ಟರ್ ತರಿಸಿ ಬದು ಕಿತ್ತು ಹೊಲಕ್ಕೆ ಸೇರಿಸಿದ. ಪಾರವ್ವ ಬೇಡವೆಂದಿದ್ದಳು. ಮುಂದಿನ ಹಂಗಾಮಿನಲ್ಲಿ ಅವಳ ಹೀರೆ, ಕುಂಬಳ, ಬದನೆ ಎಲ್ಲ ಮೈತುಂಬ ಹೂ ಬಿಟ್ಟು, ಹಾಗೇ ಉದುರಿದವು. ಪಾರವ್ವ ಬೈಯಲಿಲ್ಲ, ಅಳಲಿಲ್ಲ. ಉದುರಿದ ಹೂವನ್ನು ಉಡಿಯಲ್ಲಿ ತುಂಬಿಕೊಂಡು ಬಂದು ಗಂಡನ ಮುಂದೆ ಸುರಿದಳು. ಅವತ್ತಿನಿಂದ ಅವನೊಡನೆ ಒಂದು ಮಾತೂ ಆಡಲಿಲ್ಲ. ಮಾತಾಡಿಸಿ ಮಾತಾಡಿಸಿ ಸೋತ ಅವನೂ ಬಾಯಿ ಹೊಲಿದುಕೊಂಡ.

ಏನಾದರೂ ಹೇಳಲೇಬೇಕಾದರೆ ಇಬ್ಬರೂ ಬೆಕ್ಕಿಗೆ ಹೇಳುತ್ತಿದ್ದರಂತೆ. "ಏ ಬೆಕ್ಕೇ, ಎಣ್ಣಿ ತೀರೈತಿ." "ಏ ಬೆಕ್ಕೇ, ನಾ ಸಂತಿಗೆ ಹೊಂಟೇನಿ." ನಾನು ಹೇಳಹೊರಟ ವರ್ಷದ ಮಳೆಗಾಲದಲ್ಲಿ ಆ ಬೆಕ್ಕು ಸತ್ತುಹೋಯಿತು.

ಮಳೆ ನಿಂತು, ಬದನೆ ಹೂವು ಕಣ್ಣು ಬಿಡುತ್ತಿದ್ದ ದಿನಗಳಲ್ಲಿ ಒಂದು ಸಂಜೆ ಬುಟ್ಟಿ ಹೊತ್ತುಕೊಂಡು ಮನೆಗೆ ಬಂದೆ. ಸೊಂಟದ ಕೀಲಿಕೈ ತೆಗೆದು ಬಾಗಿಲಿಗೆ ಒಯ್ದೆ. ಕಿಂಡಿ ಮುಚ್ಚಿತ್ತು! ಬುಟ್ಟಿ ಇಳಿಸಿ, ಕಣ್ಣು ಹತ್ತಿರ ಒಯ್ದು ನೋಡಿದೆ. ನೋಡಿದವನಿಗೆ ತಕ್ಷಣ ಗೊತ್ತಾಯಿತು, ಇದು ದುಂಬಿಯ ಕೆಲಸವಲ್ಲ. ನಮ್ಮಲ್ಲಿ ದುಂಬಿ ತರುವುದು ಹೊಲದ ಕರಿಮಣ್ಣು, ಅದೂ ಸಾಸಿವೆ ಕಾಳಿನಂಥ ಉಂಡೆ ಉಂಡೆಯಾಗಿ. ಇದು ಒಲೆ ಸಾರಿಸುವ ಕೆಮ್ಮಣ್ಣು. ಅದರ ಮೇಲೆ ಸಣ್ಣ ಹೆಬ್ಬೆರಳಿನ ಗೆರೆಗಳು ಅಚ್ಚೊತ್ತಿದಂತೆ ಕಾಣುತ್ತಿದ್ದವು.

ಉಗುರಿನಿಂದ ಕೆರೆದಿದ್ದರೆ ಉದುರುತ್ತಿತ್ತು. ನಾನು ಕೆರೆಯಲಿಲ್ಲ. ಅಷ್ಟರಲ್ಲಿ ಓಣಿ ನೆರೆದಿತ್ತು. ಮಲಕಾಜಪ್ಪ ಕಣ್ಣು ಕಿರಿದು ಮಾಡಿ ನೋಡಿದ, ನನ್ನ ಮುಖ ನೋಡಿದ, ಪದ್ಧತಿಯ ಪ್ರಕಾರ ಕೀಲಿಯ ಮಗ್ಗುಲಿಗೆ ಅರಿಸಿನದ ಬೊಟ್ಟು ಇಟ್ಟ. "ಅಂತೂ ಬಾವಿ ಅಡಿವೆಪ್ಪನ ಮನೀನೂ ಮುಚ್ಚಿತಪಾ!" ಎಂದು ಯಾರೋ ಕೂಗಿದರು. ಎದುರುಬಾಗಿಲಲ್ಲಿ ಪಾರವ್ವ ಕೈ ಕಟ್ಟಿ ನಿಂತಿದ್ದಳು, ಸೆರಗಿನ ತುದಿ ಕೆಂಪಾಗಿತ್ತು. "ಬಾಗಲಾ ನೋಡಿಕೋತ ನಿಂತ್ರ ಹೊಟ್ಟಿ ತುಂಬತೈತೇನು? ಒಳಗ ಬಾ," ಎಂದಳು. ನಾನು ಬುಟ್ಟಿ ಎತ್ತಿಕೊಂಡು ಹೋದೆ.

ಆ ಮನೆಯಲ್ಲಿ ನನ್ನ ಕೆಲಸವೇನೆಂದು ಮೊದಲ ಊಟದಲ್ಲೇ ತಿಳಿಯಿತು. ಕಳಕಪ್ಪ ರೊಟ್ಟಿ ಮುರಿದು, ಗೋಡೆ ನೋಡುತ್ತ, "ಪಲ್ಯಾಕ್ಕ ಉಪ್ಪು ಬಿದ್ದಿಲ್ಲ ಅಂತ ಹೇಳು," ಎಂದ. ಪಾರವ್ವ ಅವನ ಕೈಯಳತೆಯಲ್ಲೇ ಕೂತಿದ್ದಳು. ನಾನು ಗಂಟಲು ಸರಿಮಾಡಿಕೊಂಡು, "ಯಕ್ಕಾ, ಪಲ್ಯಾ ಭಾಳ ರುಚಿ ಆಗೈತಿ, ಒಂದ್ ಚೂರು ಉಪ್ಪು ಇದ್ರ ಇನ್ನೂ ರುಚಿ ಅಂತಾರ ಮಾವಾರು," ಎಂದೆ.

"ಅವರು ಹಂಗ ಅಂದಿಲ್ಲ. ನನಗ ಕಿವಿ ಅದಾವು. ಉಪ್ಪಿನ ಡಬ್ಬಿ ಅವರ ಮಗ್ಗಲಾಗ ಐತಿ ಅಂತ ಹೇಳು."

"ಮಾವಾರ, ಉಪ್ಪು..."

"ಕೇಳ್ತು," ಎಂದ ಕಳಕಪ್ಪ.

ಹೀಗೇ ದಿನ ಹೋದವು. ಸ್ನಾನಕ್ಕೆ ನೀರು ಕಾದಿದೆ, ಎತ್ತಿಗೆ ಮೇವು ಇಲ್ಲ, ತಂಗಿಯ ಊರಿನಿಂದ ಹೇಳಿಕಳಿಸಿದ್ದಾರೆ, ಎಲ್ಲವೂ ನನ್ನ ಮೂಲಕ. ನಾನು ಸ್ವಲ್ಪ ಸ್ವಲ್ಪ ಸಕ್ಕರೆ ಬೆರೆಸುತ್ತಿದ್ದೆ. ಅವರಿಬ್ಬರಿಗೂ ಅದು ಗೊತ್ತಾಗುತ್ತಿತ್ತು, ಇಬ್ಬರೂ ಸುಮ್ಮನೆ ಕುಡಿಯುತ್ತಿದ್ದರು. ಕಳಕಪ್ಪ ಮಾತ್ರ ನನ್ನೊಡನೆ ಬೇರೆ ಮಾತು ಆಡುತ್ತಿರಲಿಲ್ಲ. ಸಂದೇಶ ಹೇಳುವಾಗಲೂ ಗೋಡೆಯನ್ನೇ ನೋಡುತ್ತಿದ್ದ. ನಾನು ಅವನ ಪಾಲಿಗೆ ಬೆಕ್ಕಿನ ಬದಲಿಗೆ ಬಂದವನು, ಅಷ್ಟೇ ಎಂದುಕೊಂಡೆ. ಆದರೆ ಪಾರವ್ವ ಪ್ರತಿದಿನ ಕೇಳುತ್ತಿದ್ದಳು, "ತಮ್ಮಾ, ಇನ್ನೊಂದು ರೊಟ್ಟಿ ಹಾಕ್ಲೇನು?" ಹೊಟ್ಟೆ ತುಂಬಿದ್ದರೂ ಹಾಕಿಸಿಕೊಳ್ಳುತ್ತಿದ್ದೆ. ನಾನು ದಪ್ಪಗಾದೆ.

ಒಮ್ಮೆ ಮೂವರೂ ಹೊಲದಲ್ಲಿ ಬುತ್ತಿ ಬಿಚ್ಚಿ ಕೂತಿದ್ದೆವು. ಪಕ್ಕದ ನನ್ನ ಬದುವಿನ ಮೇಲೆ ದುಂಬಿಗಳ ಸದ್ದು ತುಂಬಿತ್ತು. ಪಾರವ್ವ ಅತ್ತ ನೋಡುತ್ತ ನಿಧಾನಕ್ಕೆ ಅಂದಳು: "ಬದು ಕಿತ್ತ ಮನಷ್ಯಾಗ ಕೇಳು, ಆ ನಾಕು ಸಾಲು ತಿರುಗಿ ಬಿಡ್ತಾರೇನು ಅಂತ."

ಈ ಮಾತಿಗೆ ಬೆರೆಸಲು ನನ್ನ ಹತ್ತಿರ ಸಕ್ಕರೆ ಇರಲಿಲ್ಲ. ಇದ್ದದ್ದು ಇದ್ದ ಹಾಗೇ ಹೇಳಿದೆ. ಕಳಕಪ್ಪ ಅಗಿಯುವುದನ್ನು ನಿಲ್ಲಿಸಿದ, ಮತ್ತೆ ಅಗಿದ, ನೀರು ಕುಡಿದು ಎದ್ದುಹೋದ.

"ಏನಂದ್ರು?" ಎಂದಳು.

"ಏನೂ ಅನ್ಲಿಲ್ಲ ಯಕ್ಕಾ."

"ಅನ್ನಂಗಿಲ್ಲ ಅವರು," ಎಂದು ಅವಳು ಬುತ್ತಿಯ ಬಟ್ಟೆ ಕೊಡವಿದಳು.

ಚಳಿ ಹೋಯಿತು. ಊರಲ್ಲಿ ಮುಚ್ಚಿದ್ದ ಕೀಲಿಗಳು ಒಂದೊಂದಾಗಿ ತೆರೆದವು. ಬೆಳಗಿನ ಬಿಸಿಲಿಗೆ ಮಣ್ಣು ಬಿರಿದು, ಒದ್ದೆ ರೆಕ್ಕೆಯ ಮರಿ ಹೊರಬಂದು, ಸ್ವಲ್ಪ ಹೊತ್ತು ಕೀಲಿಯ ಮೇಲೇ ಕೂತು ಹಾರುವುದನ್ನು ನೋಡಲು ಮನೆಯವರು ಚಹಾ ಲೋಟ ಹಿಡಿದು ನಿಲ್ಲುತ್ತಿದ್ದರು. ಹಾರಿದ ದಿನವೇ ಸಂಜೆಯೊಳಗೆ ಅತಿಥಿ ತನ್ನ ಮನೆಗೆ ಹೋಗಬೇಕು. ನನ್ನದು ತೆರೆಯಲಿಲ್ಲ. ಜೋಳ ಕೊಯ್ದದ್ದಾಯಿತು, ರಾಶಿ ಆಯಿತು, ಬಿಸಿಲು ಏರಿತು. ಊರವರು ಕೀಲಿಯ ಕಡೆ ನೋಡಿ ನೋಡದ ಹಾಗೆ ಹೋಗುತ್ತಿದ್ದರು. ಕೆಮ್ಮಣ್ಣು ಒಣಗಿ ಬಿರುಕು ಬಿಟ್ಟ ಮರುದಿನವೇ ಆ ಬಿರುಕಿಗೆ ಹೊಸ ಮಣ್ಣು ತುಂಬಿರುತ್ತಿತ್ತು. ನಾನು ನೋಡುತ್ತಿದ್ದೆ. ಪಾರವ್ವ ನಾನು ನೋಡುವುದನ್ನು ನೋಡುತ್ತಿದ್ದಳು. ಇಬ್ಬರೂ ಆ ವಿಷಯ ಎತ್ತಲಿಲ್ಲ. ಎತ್ತಿದರೆ ನಾನು ಹೋಗಬೇಕಾಗುತ್ತಿತ್ತು.

ಆದರೆ ಬೀಜ? ನನ್ನ ಬದನೆಯ ಬೀಜವೆಲ್ಲ ಬೂದಿಯಲ್ಲಿ ಕಲಸಿ, ಗಡಿಗೆಯಲ್ಲಿ ಹಾಕಿ, ಆ ಮನೆಯೊಳಗೇ ಇಟ್ಟಿದ್ದೆ. ಆ ವರ್ಷದ ಹಣ್ಣುಗಾಯಿಗಳನ್ನು ಬಿತ್ತನೆಗೆಂದು ಬಿಟ್ಟಿರಲಿಲ್ಲ, ಮನೆಯಲ್ಲಿ ಇದೆಯಲ್ಲ ಎಂದು. ಮೊದಲ ಮಳೆಯ ಮೋಡ ಕವಿದ ದಿನ ನಾನು ಕಟ್ಟೆಯ ಮೇಲೆ ಕೂತು ನನ್ನ ಬಾಗಿಲನ್ನು ತುಸು ಹೆಚ್ಚೇ ಹೊತ್ತು ನೋಡಿದೆನೋ ಏನೋ. ಪಾರವ್ವ ಹಿಂದೆ ಬಂದು ನಿಂತಳು.

"ಬೀಜ ಒಳಗ ಅದಾವೇನು?"

"ಅದಾವ. ಇರ್ಲಿ ಬಿಡ ಯಕ್ಕಾ. ಯಾರ ಹತ್ರರ ಸಸಿ ಇಸಗೊಂಡ್ರಾತು."

"ಮಂದಿ ಸಸಿ ನಿನ್ನ ಬದನಿ ಆಗತಾವೇನು?" ಎಂದು ಅವಳು ಒಳಗೆ ಹೋದಳು.

ಮರುದಿನ ಹೊಲದಿಂದ ಬಂದಾಗ ಕಿಂಡಿ ತೆರೆದಿತ್ತು. ಮಣ್ಣಿನ ಚೂರೂ ಇರಲಿಲ್ಲ. ಪಾರವ್ವ ಬಾಗಿಲಲ್ಲಿ ನಿಂತು, ಎತ್ತಲೋ ನೋಡುತ್ತ, "ಮಧ್ಯಾಹ್ನ ಹಾರಿಹೋತು ನೋಡು ದುಂಬಿ. ನೀ ಇರಬೇಕಿತ್ತು," ಎಂದಳು. ಅವಳ ಉಗುರಿನ ಸಂದಿಯಲ್ಲಿ ಕೆಮ್ಮಣ್ಣಿತ್ತು. "ಚಲೋ ಆತು ಯಕ್ಕಾ," ಎಂದೆ. ಕೆಮ್ಮಿದ ಹಾಗೆ ಮಾಡಿದೆ. ಕಳಕಪ್ಪ ಎತ್ತು ಕಟ್ಟುತ್ತಿದ್ದವನು ತಲೆ ಎತ್ತಲಿಲ್ಲ. ನನ್ನ ಹಾಸಿಗೆ, ಎರಡು ಅಂಗಿ ಕಂಕುಳಲ್ಲಿ ಇಟ್ಟುಕೊಂಡು ಓಣಿ ದಾಟಿದೆ.

ದೇವರಾಣೆಗೂ ಹೇಳುತ್ತೇನೆ, ಅಷ್ಟು ವರ್ಷ ಒಬ್ಬನೇ ಇದ್ದಾಗ ಆಗದ ಸಂಕಟ ಆ ಸಂಜೆ ಆಯಿತು. ಧೂಳು ಗುಡಿಸಿದೆ, ಒಲೆ ಹಚ್ಚಿದೆ, ಅಭ್ಯಾಸ ತಪ್ಪಿ ಮೂವರಿಗಾಗುವಷ್ಟು ಹಿಟ್ಟು ಕಲಸಿದೆ. ಎದುರುಮನೆಯಲ್ಲಿ ತಾಟಿನ ಸದ್ದು ಕೇಳಿತು, ಮಾತು ಕೇಳಲಿಲ್ಲ. ಎಣ್ಣೆ ತೀರಿದರೆ ಈಗ ಯಾರಿಗೆ ಹೇಳುತ್ತಾರೆ? ಕಿವಿಗೊಟ್ಟು ಕೂತೆ. ಬಹಳ ಹೊತ್ತು ಕೂತೆ. ಏನೂ ಕೇಳಲಿಲ್ಲ.

ಬೀಜ ಚೆಲ್ಲಿದೆ, ಸಸಿ ಕಿತ್ತು ನೆಟ್ಟೆ. ಓಣಿಯಲ್ಲಿ ಸಿಕ್ಕರೆ ಪಾರವ್ವ "ಉಂಡೇನು?" ಎನ್ನುತ್ತಿದ್ದಳು, "ಉಂಡೆ" ಎನ್ನುತ್ತಿದ್ದೆ, ಅಲ್ಲಿಗೆ ಮುಗಿಯಿತು. ಅವಳಿಗೆ ಆ ಮಳೆಗಾಲ ಮೊಣಕಾಲು ಹಿಡಿದಿತ್ತು, ಹೊಲದ ಕಡೆ ಬರುತ್ತಿರಲಿಲ್ಲ. ಹಾಗಾಗಿ ಕಳಕಪ್ಪ ಏನು ಮಾಡುತ್ತಿದ್ದಾನೆಂದು ಕಂಡವನು ನಾನೊಬ್ಬನೇ. ಅವನ ಕುಂಟೆ ಆ ನಾಲ್ಕು ಸಾಲಿನ ಹತ್ತಿರ ಬಂದು ತಿರುಗಿಕೊಂಡಿತು. ಆಮೇಲೆ ಒಬ್ಬನೇ ಸಲಿಕೆ ಹಿಡಿದು, ಹಳ್ಳದ ದಂಡೆಯಿಂದ ಬಿಳಿ ಜೇಡಿಮಣ್ಣು ಹೊತ್ತು ತಂದು, ಏರಿಸಿ, ತುಳಿದು, ಬದು ಹಾಕತೊಡಗಿದ. ನನ್ನ ಬದುವಿನಿಂದ ಹುಲ್ಲಿನ ಗಡ್ಡೆ ಕಿತ್ತು ಒಯ್ಯುವಾಗ ಒಮ್ಮೆ ನನಗೆ ಸಿಕ್ಕಿಬಿದ್ದ. ನಾನು ಒಂದು ಹಿಡಿ ಗುರೆಳ್ಳು ಅವನ ಅಂಗೈಗೆ ಸುರಿದೆ. ಅವನು ಅದನ್ನು ತನ್ನ ಬದುವಿಗೆ ಒಯ್ದು ಚೆಲ್ಲಿದ. ಪಾರವ್ವನಿಗೆ ನಾನಾಗಿ ಹೇಳಲಿಲ್ಲ. ಅದು ಅವನು ಹೇಳಬೇಕಾದ ಮಾತು, ನನ್ನಿಂದ ಹೇಳಿಸಿದ್ದರೆ ಹೇಳುತ್ತಿದ್ದೆ. ಅವನು ಹೇಳಿಸಲಿಲ್ಲ.

ಮಳೆ ಇನ್ನೂ ಜಿನುಗುತ್ತಿತ್ತು. ಕಳಕಪ್ಪನ ಬದುವಿನ ಮೇಲೆ ಗುರೆಳ್ಳು ಮೊಗ್ಗೊಡೆದಿತ್ತು, ಅಷ್ಟೆ. ಆ ದಿನಗಳಲ್ಲಿ ಯಾವ ದುಂಬಿಯೂ ಮಣ್ಣು ಹೊರುವುದಿಲ್ಲ. ಅಂಥ ಒಂದು ಮಧ್ಯಾಹ್ನ ಕಂಬಳಿ ಕೊಪ್ಪೆ ಹಾಕಿಕೊಂಡು ಮನೆಗೆ ಬಂದರೆ, ಬಾಗಿಲ ಮುಂದೆ ಮಂದಿ. ಕಿಂಡಿ ಮುಚ್ಚಿತ್ತು ಎಂದರೆ ಸಾಲದು. ಕೀಲಿಯೇ ಕಾಣುತ್ತಿರಲಿಲ್ಲ. ತೆಂಗಿನಕಾಯಿ ಗಾತ್ರದ ಬಿಳಿ ಮಣ್ಣಿನ ಮುದ್ದೆ ಇಡೀ ಕೀಲಿಯನ್ನು ನುಂಗಿ ಕೂತಿತ್ತು. ಅದರ ನಡುವೆ ಅಗಲವಾದ ಹೆಬ್ಬೆರಳಿನ ಗುರುತು.

ಮಲಕಾಜಪ್ಪ ಅದನ್ನು ಆ ಕಡೆಯಿಂದ ನೋಡಿದ, ಈ ಕಡೆಯಿಂದ ನೋಡಿದ. "ದುಂಬಿ ಜರಾ ದೊಡ್ಡದಿತ್ತು ಅಂತ ಕಾಣತೈತಿ," ಎಂದು ಗಂಭೀರವಾಗಿ ಹೇಳಿ ಅರಿಸಿನದ ಬೊಟ್ಟು ಇಟ್ಟ. ಯಾರೂ ನಗಲಿಲ್ಲ. ಒಬ್ಬೊಬ್ಬರಾಗಿ ಮೆಲ್ಲಗೆ ಜಾಗ ಖಾಲಿ ಮಾಡಿದರು.

ಪಾರವ್ವ ಕುಂಟುತ್ತ ಬಂದಳು. ಮುದ್ದೆಯನ್ನು ನೋಡಿ ನನ್ನ ಕಡೆ ತಿರುಗಿ, ಪಿಸುದನಿಯಲ್ಲಿ, "ನಾ ಅಲ್ಲ," ಎಂದಳು. ನಮ್ಮಿಬ್ಬರ ನಡುವೆ ಆ ವಿಷಯದ ಮಾತು ಬಂದದ್ದು ಅದೇ ಮೊದಲು.

"ಗೊತ್ತೈತಿ ಯಕ್ಕಾ."

ಅವಳು ಚೂರು ಮಣ್ಣು ಚಿವುಟಿದಳು. ಅದರೊಳಗಿಂದ ಹುಲ್ಲಿನ ಬೇರಿನ ಎಳೆಯೊಂದು ಹೊರಬಂತು, ಜತೆಗೆ ಗುರೆಳ್ಳಿನ ಒಂದು ಮೊಗ್ಗು, ಎರಡೂ ಬದುವಿನ ಮೇಲೆ ಬೆಳೆಯುವಂಥವು. ಮೊಗ್ಗನ್ನು ಅಂಗೈಯಲ್ಲಿ ಇಟ್ಟುಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನನ್ನು ಅಲ್ಲೇ ಬಿಟ್ಟು, ಓಣಿ ದಾಟಿ, ತನ್ನ ಮನೆಯೊಳಗೆ ಹೋದಳು. ಬಾಗಿಲು ತೆರೆದೇ ಇತ್ತು.

"ಏನ್ರೀ," ಎಂಬ ದನಿ ಕೇಳಿತು. ನಾನು ಕಂಬದ ಹಾಗೆ ನಿಂತೆ. "ಬದು ಹಾಕೀರೇನು?"

ಆಮೇಲೆ ಕಳಕಪ್ಪನ ದನಿ, ತುಕ್ಕು ಹಿಡಿದದ್ದು: "ಹಾಕೇನಿ."

"ಯಾವಾಗ?"

"ಮಳಿ ಶುರು ಆಗಾಗ."

"ಮತ್ತ ನನಗ ಯಾಕ ಹೇಳಿಲ್ಲ?"

"ಹೇಳಾಕ ಮನ್ಯಾಗ ಯಾರಿದ್ರು?"

ಪಾರವ್ವ ಅಳುತ್ತಿದ್ದಳೋ ನಗುತ್ತಿದ್ದಳೋ ಹೊರಗೆ ನಿಂತ ನನಗೆ ತಿಳಿಯಲಿಲ್ಲ. ಮಾತು ಮುಂದುವರಿಯಿತು. ಹೀರೆಬಳ್ಳಿಯಂತೆ, ಮೊಣಕಾಲಂತೆ, ಸತ್ತ ಬೆಕ್ಕಂತೆ, ಇಷ್ಟು ವರ್ಷದ್ದೆಲ್ಲ ಒಂದರ ಮೇಲೊಂದು ಬಿದ್ದು ಬರತೊಡಗಿತು. ನನಗೆ ಸಂತೋಷವಾಯಿತು, ಸುಳ್ಳಲ್ಲ. ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು. ಇನ್ನು ಇವರಿಗೆ ನನ್ನಿಂದ ಆಗಬೇಕಾದ್ದೇನು? ಹಿಂದೆ ನನ್ನ ಮನೆ, ಕೀಲಿಯ ಮೇಲೆ ಮಣ್ಣಿನ ಮುದ್ದೆ. ಮುಂದೆ ಅವರ ಮನೆ, ಅಲ್ಲಿ ಗಂಡ ಹೆಂಡತಿ ಮಾತಾಡುತ್ತಿದ್ದಾರೆ. ನಾನು ಕೈಯಲ್ಲಿ ಕೀಲಿಕೈ ಹಿಡಿದುಕೊಂಡು ನಡು ಓಣಿಯಲ್ಲಿ ಮಳೆಗೆ ನೆನೆಯುತ್ತ ನಿಂತಿದ್ದೆ.

ಒಳಗಿನ ಮಾತು ಒಮ್ಮೆಲೇ ನಿಂತಿತು.

"ಅಂವಾ ಹೊರಗ ನಿಂತಾನೇನು?" ಎಂದ ಕಳಕಪ್ಪ.

"ನಿಂತಾನ."

"ಒಳಗ ಬಾ ಅಂತ ಹೇಳು ಅವಗ."

"ನಾ ಯಾಕ ಹೇಳ್ಲಿ? ಮನಿ ಮುಚ್ಚಿದವರು ನೀವು. ನೀವಽ ಕರೀರಿ."

ಕಳಕಪ್ಪ ಹೊಸ್ತಿಲಿಗೆ ಬಂದ. ಮೊಣಕೈ ತನಕ ಬಿಳಿ ಮಣ್ಣು ಮೆತ್ತಿತ್ತು, ತೊಳೆದುಕೊಳ್ಳುವ ಧೈರ್ಯವೂ ಆಗಿರಲಿಲ್ಲವೇನೋ. ಅಭ್ಯಾಸದಂತೆ ಮೊದಲು ಗೋಡೆಯ ಕಡೆ ನೋಡಿದ. ಆಮೇಲೆ ನನ್ನ ಮುಖ ನೋಡಿದ.

"ಅಡಿವೆಪ್ಪಾ," ಎಂದ, "ನೆನಿಬ್ಯಾಡ. ಬಾ, ರೊಟ್ಟಿ ಆರತಾವು."

ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಣಿ ದಾಟಿದೆ.